ಮೋಸಹೋದವನ ಮೌನ

ಕಳವನ್ನೂ ಹುಸಿಯನ್ನೂ ಬಸವಾದಿ ಶರಣರು ನಿಷೇಧಿಸಿದರು. ಇವೆರಡೂ ಒಂದಾಗಿ ಬಂದ ಪಾತಕವೇ ಇಂದಿನ ಸೈಬರ್ ವಂಚನೆ. ಪೊಲೀಸರ ವೇಷ ತೊಟ್ಟವನೊಬ್ಬನು ಮೊಬೈಲಿನ ವೀಡಿಯೋ ಕರೆಯಲ್ಲಿ ಕಾಣಿಸಿಕೊಂಡು, ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸಿ, ಸದ್ಗೃಹಸ್ಥನು ಕಾಯಕದಿಂದ ಕೂಡಿಟ್ಟ ಹಣವನ್ನು ಅಪಹರಿಸುತ್ತಾನೆ. ಭಾರತದ ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲ.

ಹೀಗೆ ವಂಚಿತನಾದವನು ಅನೇಕ ವೇಳೆ ನಾಚಿಕೆಯಿಂದ ಮನೆಯವರಿಗೂ ತಿಳಿಸದೆ ಸುಮ್ಮನಾಗುತ್ತಾನೆ. ಅದನ್ನೇ ಸಹನೆಯೆಂದೂ ಕರ್ಮಫಲವೆಂದೂ ಭಾವಿಸುವವರುಂಟು. ಈ ಮೌನವು ಧರ್ಮವೇ? ಅಲ್ಲ. ನಾಚಬೇಕಾದವನು ಕದ್ದವನೇ ಹೊರತು ಕಳೆದುಕೊಂಡವನಲ್ಲ. ತನಗಾದ ನಷ್ಟವನ್ನು ಕ್ಷಮಿಸುವ ಅಧಿಕಾರವು ಅವನಿಗುಂಟು. ನಾಳೆ ನೆರೆಯವನಿಗೆ ಒದಗಲಿರುವ ನಷ್ಟವನ್ನು ಕ್ಷಮಿಸುವ ಅಧಿಕಾರವು ಅವನಿಗಿಲ್ಲ.

ಕಾಲಹರಣವೂ ಸಲ್ಲದು. ಕದ್ದ ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಬಹುಬೇಗನೆ ಸಾಗುತ್ತದೆ. ಒಡನೆಯೇ 1930 ಸಂಖ್ಯೆಗೆ ಕರೆ ಮಾಡಿದರೆ, ಅದು ಕೈದಾಟುವ ಮುನ್ನ ಬ್ಯಾಂಕುಗಳು ತಡೆಹಿಡಿಯುವ ಸಂಭವವುಂಟು. 2019ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿಯೂ ದೂರು ಸಲ್ಲಿಸಬಹುದು. ಬಂದ ಸಂದೇಶಗಳನ್ನು ಅಳಿಸದೆ, ಹಣ ಸಂದಾಯದ ವಿವರಗಳೊಡನೆ ಕಾಪಾಡಿಕೊಳ್ಳಬೇಕು.

ಓಟಿಪಿಯೆಂಬ ಗುಪ್ತಸಂಖ್ಯೆಯು ಯಾರಿಗೂ ಹೇಳಬಾರದ ಮಾತು. ಆದ ಮೋಸವು ಮುಚ್ಚಿಡಬಾರದ ಮಾತು. ಈ ಭೇದವನ್ನು ತಿಳಿಯುವುದೇ ಅರಿವು. ಹಿರಿಯರು ಮೋಸಹೋದಾಗ ಅವರನ್ನು ಜರೆಯದಿರುವುದು ಕಿರಿಯರ ಧರ್ಮ. ಜರೆದರೆ ಅವರು ಇನ್ನೊಮ್ಮೆ ಬಾಯಿ ಬಿಡಲಾರರು. ಅಂತಹ ಮನೆಗೆ ಕಳ್ಳನು ಮತ್ತೆ ಬರುತ್ತಾನೆ. ಆದಕಾರಣ ಸತ್ಯವನ್ನು ನಿರ್ಭಯವಾಗಿ ನುಡಿಯುವಂತಹ ಮನೆಯನ್ನು ಕಟ್ಟುವುದೇ ಭಕ್ತನಿಗೆ ಭೂಷಣ.