ಮಗು ಇನ್ನೂ ತಿರುಗಿಲ್ಲ

ದೊಡ್ಡಬಳ್ಳಾಪುರವಿರಲಿ, ಹೊಸಕೋಟೆಯಿರಲಿ, ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಿಭಾಗದ ಮುಂದೆ ಕೂರಲು ಜಾಗ ಸಿಗುವುದು ಕಷ್ಟ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರ ತಪಾಸಣೆಗೆಂದೇ ಮೀಸಲಾದ ದಿನ ಅದು. ಕೈಯಲ್ಲಿ ತಾಯಿ ಕಾರ್ಡು, ಪ್ಲಾಸ್ಟಿಕ್ ಕವರಿನೊಳಗೆ ಸ್ಕ್ಯಾನಿಂಗ್ ರಿಪೋರ್ಟು, ಪಕ್ಕದಲ್ಲಿ ಅತ್ತೆಯೋ ಅಮ್ಮನೋ. ಒಳಗೆ, ಮಂಚದ ಮೇಲೆ ಮಲಗಿದವಳ ಹೊಟ್ಟೆಗೆ ಡಾಕ್ಟರು ಎರಡೂ ಅಂಗೈ ಇಡುತ್ತಾರೆ. ಮೇಲುಗಡೆ, ಪಕ್ಕೆಲುಬಿಗೆ ತಾಗಿದಂತೆ, ದುಂಡಗೆ ಗಟ್ಟಿಯಾದದ್ದೊಂದು ಸಿಗುತ್ತದೆ. ಬೆರಳುಗಳ ನಡುವೆ ಮೆಲ್ಲಗೆ ಅಲ್ಲಾಡಿಸಿದರೆ ಆಚೆ ಸರಿದು ಮತ್ತೆ ಬಂದು ಬೆರಳಿಗೆ ಬಡಿಯುತ್ತದೆ. ತಲೆ ಅದು. ಕೆಳಗಡೆ ಸಿಗುವುದು ಮೆತ್ತಗಿನ, ಆಕಾರ ಸರಿಯಾಗಿ ಗೊತ್ತಾಗದ ಭಾಗ. ಎದೆಬಡಿತವೂ ಹೊಕ್ಕುಳಿನ ಕೆಳಗೆ ಕೇಳುವ ಬದಲು ಮೇಲೆ ಕೇಳುತ್ತದೆ.

'ಎಷ್ಟು ವಾರ ಆಯ್ತಮ್ಮ?'

'ಮೂವತ್ತೈದು, ಮೇಡಂ.'

'ಮಗು ಇನ್ನೂ ತಿರುಗಿಲ್ಲ. ಮುಂದಿನ ವಾರ ಇನ್ನೊಂದು ಸಲ ನೋಡೋಣ.'

ಡಾಕ್ಟರು ಹೇಳಿದ್ದು ಇಷ್ಟೇ. ಅದು ಹೊರಗಿನ ಬೆಂಚು ಮುಟ್ಟುವ ಹೊತ್ತಿಗೆ ಆರೋಪಪಟ್ಟಿಯಾಗಿರುತ್ತದೆ. 'ಮಗ್ಗುಲು ಬದಲಾಯಿಸೋವಾಗ ಎದ್ದು ಕೂತು ತಿರುಗು ಅಂತ ಬಡ್ಕೊಂಡೆ, ಕೇಳಿದ್ಯಾ?' 'ಕಂಡಿಕೆ ಸುತ್ತಬೇಡ ಅಂದೆ, ಕರುಳು ಸುತ್ಕೊಳ್ತದೆ ಅಂದೆ.' ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತದೆ ಕೂತರೆ ವಾರದ ಖರ್ಚು ಹುಟ್ಟುವುದಿಲ್ಲ ಎಂಬುದು ಹೇಳಿದ ಅತ್ತೆಗೂ ಗೊತ್ತು. ಆದರೂ ಬೈಗುಳ ತಡೆಯುವುದಿಲ್ಲ, ಏಕೆಂದರೆ ಅವರಿಗೂ ಭಯ. ಭಯಕ್ಕೆ ತಕ್ಷಣ ಒಂದು ಕಾರಣ ಬೇಕು, ಕೈಗೆ ಸುಲಭವಾಗಿ ಸಿಗುವ ಕಾರಣ ಎದುರಿಗೇ ಹೊಟ್ಟೆ ಹೊತ್ತು ಕೂತಿರುತ್ತದೆ.

ಮೊದಲು ಈ ಆರೋಪವನ್ನು ಬದಿಗಿಡಬೇಕು. 28ನೇ ವಾರದಲ್ಲಿ ನಾಲ್ಕೈದು ಮಕ್ಕಳಲ್ಲಿ ಒಂದು ತಲೆ ಮೇಲಾಗಿಯೇ ಕೂತಿರುತ್ತದೆ. ದಿನ ತುಂಬುವ ಹೊತ್ತಿಗೆ ಬಹುತೇಕ ಎಲ್ಲವೂ ತಿರುಗಿ, ನೂರರಲ್ಲಿ ಮೂರೋ ನಾಲ್ಕೋ ಮಾತ್ರ ಹಾಗೇ ಉಳಿಯುತ್ತವೆ. ಡಾಕ್ಟರುಗಳು ಬ್ರೀಚ್ ಎನ್ನುವುದು ಇದಕ್ಕೇ. ಗರ್ಭದ ನೀರು ಕಡಿಮೆಯಾಗಿ ಮಗುವಿಗೆ ಹೊರಳಲು ಜಾಗ ಸಾಲದಿರಬಹುದು, ನೀರು ಹೆಚ್ಚಾಗಿ ಅದು ಒಂದು ಕಡೆ ನಿಲ್ಲದಿರಬಹುದು. ಮಾಸು ಕೆಳಗೆ ಅಂಟಿರಬಹುದು, ಗರ್ಭಕೋಶದಲ್ಲಿ ಗಡ್ಡೆ ಇರಬಹುದು, ಗರ್ಭಕೋಶದ ಆಕಾರವೇ ಬೇರೆಯಿರಬಹುದು, ಒಳಗೆ ಅವಳಿ ಇರಬಹುದು. ಎಷ್ಟೋ ಬಾರಿ ಹುಡುಕಿದರೂ ಕಾರಣವೇ ಸಿಗುವುದಿಲ್ಲ. ಮಗ್ಗುಲಾದ ರೀತಿ, ಸುತ್ತಿದ ದಾರ, ದಾಟಿದ ಹಗ್ಗ, ನೋಡಿದ ಗ್ರಹಣ ಯಾವುದೂ ಕಾರಣಗಳ ಸಾಲಿನಲ್ಲಿಲ್ಲ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬನ್ನಿ ಎನ್ನುವವರೂ ಇರುತ್ತಾರೆ. ಹೋಗಿ ಬರಲಿ, ಮನಸ್ಸು ಹಗುರಾದೀತು. ಹರಕೆ ಕಟ್ಟುವ ನೆಪದಲ್ಲಿ ಬಸುರಿಯ ಕೈಲಿ ತಪ್ಪೊಪ್ಪಿಸುವುದು ಮಾತ್ರ ಬೇಡ.

ನಮ್ಮ ಕಡೆ ಈ ವಿಷಯಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಿದ್ದು ಕಾಣೆ. ಮೊದಲ ಹೆರಿಗೆ ತವರಿನಲ್ಲಿ. ಸೀಮಂತ ಮುಗಿಸಿ, ಮಡಿಲು ತುಂಬಿ, ಏಳನೇ ತಿಂಗಳೋ ಒಂಬತ್ತನೇ ತಿಂಗಳೋ ಹುಡುಗಿಯನ್ನು ಅಮ್ಮನ ಮನೆಗೆ ಕಳಿಸುತ್ತಾರೆ. ಮಗು ತಿರುಗಿದೆಯೋ ಇಲ್ಲವೋ ಎಂದು ಗಟ್ಟಿಯಾಗಿ ತಿಳಿಯಬೇಕಾದ ಕಾಲವೂ ಅದೇ. ದೊಡ್ಡಬಳ್ಳಾಪುರದಲ್ಲಿ 32ನೇ ವಾರಕ್ಕೆ ಹೊಟ್ಟೆ ಮುಟ್ಟಿ ನೋಡಿದ ಡಾಕ್ಟರು ಒಬ್ಬರು, 37ನೇ ವಾರಕ್ಕೆ ಸೂಲಿಬೆಲೆಯಲ್ಲೋ ವಿಜಯಪುರದಲ್ಲೋ ನೋಡುವವರು ಮತ್ತೊಬ್ಬರು. ನಡುವೆ ಆಶಾ ಕಾರ್ಯಕರ್ತೆ ಬದಲಾಗಿರುತ್ತಾರೆ, ಸ್ಕ್ಯಾನಿಂಗ್ ಸೆಂಟರೂ ಬೇರೆ. ಅತ್ತೆಮನೆಯವರು 'ಅಲ್ಲಿ ನೋಡ್ಕೋತಾರೆ' ಅಂತ ಬಿಟ್ಟರೆ, ತವರಿನವರು 'ಅಲ್ಲೇ ಎಲ್ಲ ನೋಡಿ ಕಳ್ಸಿರ್ತಾರೆ' ಅಂತ ಸುಮ್ಮನಾಗುತ್ತಾರೆ. ಬ್ರೀಚ್ ಮಗುವಿನ ವಿಷಯದಲ್ಲಿ ಕೈತಪ್ಪಿ ಹೋಗುವ ವಾರಗಳು ಇವೇ. ತವರಿಗೆ ಹೊರಡುವ ಮುಂಚೆ ತಾಯಿ ಕಾರ್ಡಿನಲ್ಲಿ ಮಗುವಿನ ತಲೆ ಎಲ್ಲಿದೆ, ಮಾಸು ಎಲ್ಲಿದೆ, ನೀರು ಎಷ್ಟಿದೆ, ತಾಯಿಯ ರಕ್ತದ ಗುಂಪು ಯಾವುದು ಎಂದು ಬರೆಸಿಕೊಂಡೇ ಬಸ್ಸು ಹತ್ತಬೇಕು. ಸೀರೆ, ಬಳೆ, ಚಿಗಳಿ ತಂಬಿಟ್ಟಿನ ಚೀಲದಷ್ಟೇ ಜೋಪಾನವಾಗಿ ಆ ಕಾಗದವೂ ಹೋಗಬೇಕು.

36 ವಾರ ದಾಟಿದ ಮೇಲೆ ಚೊಚ್ಚಲ ಬಸುರಿಯಲ್ಲಿ ಮಗು ತಾನಾಗಿ ತಿರುಗುವ ಸಾಧ್ಯತೆ ನೂರಕ್ಕೆ ಎಂಟರಷ್ಟೇ. ಆಗ ಡಾಕ್ಟರು ಹೊಟ್ಟೆಯ ಹೊರಗಿನಿಂದಲೇ ಕೈಯಲ್ಲಿ ಒತ್ತಿ ತಿರುಗಿಸಿ ನೋಡಬಹುದು. ಹೊರಳಿಸುವ ಈ ವಿಧಾನಕ್ಕೆ ಆಸ್ಪತ್ರೆಯಲ್ಲಿ ಇ.ಸಿ.ವಿ. ಎನ್ನುತ್ತಾರೆ. ಮೊದಲು ಸ್ಕ್ಯಾನ್ ಮಾಡಿ, ಮಗುವಿನ ಎದೆಬಡಿತದ ಗ್ರಾಫ್ ತೆಗೆದು, ಗರ್ಭಕೋಶ ಸಡಿಲಾಗಲು ಇಂಜೆಕ್ಷನ್ ಕೊಡುತ್ತಾರೆ. ಒಂದು ಕೈ ಮಗುವಿನ ಪೃಷ್ಠವನ್ನು ಕೆಳಗಿನಿಂದ ಮೇಲಕ್ಕೆತ್ತಿದರೆ ಇನ್ನೊಂದು ಕೈ ತಲೆಯನ್ನು ಮುಂದಕ್ಕೆ ಲಾಗ ಹೊಡೆಸುವಂತೆ ಸರಿಸುತ್ತದೆ. ಕೆಲವೇ ನಿಮಿಷದ ಕೆಲಸ. ನೋವಾಗುತ್ತದೆ, ಇಲ್ಲವೆನ್ನುವಂತಿಲ್ಲ. ತಾಳಲಾರೆ ಎಂದರೆ ನಿಲ್ಲಿಸುತ್ತಾರೆ. ಆಮೇಲೆ ಮತ್ತೆ ಎದೆಬಡಿತ ನೋಡುತ್ತಾರೆ, ತಾಯಿಯ ರಕ್ತ ನೆಗೆಟಿವ್ ಗುಂಪಿನದಾದರೆ ಆಂಟಿ-ಡಿ ಇಂಜೆಕ್ಷನ್ ಹಾಕುತ್ತಾರೆ. ಸರಾಸರಿ ಅರ್ಧದಷ್ಟು ಸಲ ಮಗು ತಿರುಗುತ್ತದೆ. ಚೊಚ್ಚಲಿನವರಲ್ಲಿ ಯಶಸ್ಸು ಸ್ವಲ್ಪ ಕಡಿಮೆ, ಹಿಂದೆ ಹೆತ್ತವರಲ್ಲಿ ಹೆಚ್ಚು. ಇನ್ನೂರರಲ್ಲಿ ಸುಮಾರು ಒಬ್ಬರಿಗೆ ತಕ್ಷಣ ಸಿಸೇರಿಯನ್ ಮಾಡಬೇಕಾಗಿ ಬರುತ್ತದೆ. ಅದಕ್ಕೇ ಇದನ್ನು ಆಪರೇಷನ್ ಥಿಯೇಟರ್ ಇರುವ ಕಡೆಯೇ ಮಾಡುವುದು. ಮಾಸು ಕೆಳಗಿದ್ದರೆ, ರಕ್ತ ಹೋಗಿದ್ದರೆ, ನೀರು ಒಡೆದಿದ್ದರೆ, ಅವಳಿಯಿದ್ದರೆ ಮಾಡುವುದಿಲ್ಲ. ಎಲ್ಲ ಆಸ್ಪತ್ರೆಯಲ್ಲೂ ಈ ಸೌಲಭ್ಯವಿಲ್ಲ, ಇದೆ ಎಂದು ಎಲ್ಲರೂ ತಾವಾಗಿ ಹೇಳುವುದೂ ಇಲ್ಲ. 'ತಿರುಗಿಸಿ ನೋಡಬಹುದಾ ಮೇಡಂ, ಇಲ್ಲಾಂದ್ರೆ ಎಲ್ಲಿಗೆ ಹೋಗಬೇಕು?' ಎಂದು 36ನೇ ವಾರದಲ್ಲೇ ಬಾಯಿಬಿಟ್ಟು ಕೇಳಬೇಕು. 39ಕ್ಕೆ ಕೇಳಿದರೆ ಹೊತ್ತು ಮೀರಿರಬಹುದು.

ಹಾಗಂತ ಊರಲ್ಲಿ ಹರಳೆಣ್ಣೆ ಹಚ್ಚಿ ನೀವುವವರ ಕೈಗೆ ಹೊಟ್ಟೆ ಕೊಡುವುದು ಬೇಡ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳದವರಿಲ್ಲ. ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಹೊಟ್ಟೆ ಮುಟ್ಟಿದರೇ ಮಗುವಿನ ತಲೆ ಎಲ್ಲಿದೆ ಎನ್ನುತ್ತಿದ್ದರೆಂದು ಅವರನ್ನು ಬಲ್ಲವರು ಹೇಳುತ್ತಾರೆ. ಆ ಕೈಗೆ ನಮಸ್ಕಾರ. ಆದರೆ ಮಾಸು ಎಲ್ಲಿ ಅಂಟಿದೆ ಎಂದು ಎಂಥ ಕೈಗೂ ಖಚಿತವಾಗಿ ತಿಳಿಯದು, ಒತ್ತುವಾಗ ಮಗುವಿನ ಎದೆಬಡಿತ ಇಳಿದರೆ ಮನೆಯಲ್ಲಿ ಮಾಡುವಂಥದ್ದೂ ಏನಿಲ್ಲ. ಯೂಟ್ಯೂಬಿನವರು ಹೇಳುವ ಮಂಡಿಯೂರಿ ಎದೆ ತಗ್ಗಿಸುವ ವ್ಯಾಯಾಮ, ಹೊಟ್ಟೆಯ ಕೆಳಗೆ ಟಾರ್ಚು, ಹಾಡು, ಮೇಲೆ ಐಸು, ಇವು ಮಗುವನ್ನು ತಿರುಗಿಸುತ್ತವೆ ಎನ್ನಲು ಗಟ್ಟಿ ಆಧಾರವಿಲ್ಲ. ಡಾಕ್ಟರನ್ನು ಕೇಳಿಕೊಂಡು ವ್ಯಾಯಾಮ ಮಾಡುವುದಕ್ಕೆ ಅಡ್ಡಿಯಿಲ್ಲ. ತಿರುಗದಿದ್ದರೆ ಮತ್ತೆ ಅವಳನ್ನೇ ಬೈಯಬಾರದು, ಅಷ್ಟೇ.

ತಿರುಗದೇ ಉಳಿದರೆ? ತಲೆ ಮುಂದಾಗಿ ಬರುವ ಹೆರಿಗೆಯಲ್ಲಿ ಎಲ್ಲಕ್ಕಿಂತ ದೊಡ್ಡ ಭಾಗ ಮೊದಲು ದಾರಿ ಮಾಡಿಕೊಳ್ಳುತ್ತದೆ, ಉಳಿದ ಮೈ ಹಿಂದೆಯೇ ಜಾರುತ್ತದೆ. ಬ್ರೀಚ್‌ನಲ್ಲಿ ತಲೆ ಕೊನೆಗೆ ಬರಬೇಕು. ಮೈ ಹೊರಬಂದು ತಲೆ ಒಳಗಿರುವ ಹೊತ್ತಿನಲ್ಲಿ ಹೊಕ್ಕುಳಬಳ್ಳಿ ಅಮುಕಿ ಹೋಗುತ್ತದೆ, ಸಮಯ ನಿಮಿಷಗಳ ಲೆಕ್ಕದಲ್ಲಿರುತ್ತದೆ. ಅಂಡು ಊರಿ, ಕಾಲು ಮುಖದ ತನಕ ಚಾಚಿಕೊಂಡ ಮಗುವಿಗಿಂತ, ಪಾದ ಕೆಳಗಿಟ್ಟ ಮಗುವಿನಲ್ಲಿ ಬಳ್ಳಿ ಮೊದಲೇ ಜಾರಿ ಬರುವ ಅಪಾಯ ಹೆಚ್ಚು. 2000ದಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 26 ದೇಶಗಳ 2,088 ತಾಯಂದಿರನ್ನು ಒಳಗೊಂಡ ಅಧ್ಯಯನ ಪ್ರಕಟವಾಯಿತು. ಸಾವು ಅಥವಾ ಗಂಭೀರ ತೊಂದರೆಗೆ ಒಳಗಾದ ಮಕ್ಕಳು ಯೋಜಿತ ಸಿಸೇರಿಯನ್‌ನಲ್ಲಿ ಶೇ. 1.6, ಸಹಜ ಹೆರಿಗೆಗೆ ಬಿಟ್ಟ ಗುಂಪಿನಲ್ಲಿ ಶೇ. 5. ಅಲ್ಲಿಂದೀಚೆಗೆ ಲೋಕವೆಲ್ಲ ಸಿಸೇರಿಯನ್ ಕಡೆ ವಾಲಿತು. ಎರಡು ವರ್ಷದ ವಯಸ್ಸಿಗೆ ಅದೇ ಮಕ್ಕಳನ್ನು ನೋಡಿದಾಗ ಸಾವಿನಲ್ಲಾಗಲಿ ಬೆಳವಣಿಗೆ ಕುಂಠಿತವಾಗುವುದರಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ ಎಂಬುದು 2004ರಲ್ಲಿ ಬಂತು. ಅಷ್ಟರಲ್ಲಿ ಯುವ ವೈದ್ಯರಿಗೆ ಬ್ರೀಚ್ ಹೆರಿಗೆ ಮಾಡಿಸಿ ಕೈ ಪಳಗಿಸಿಕೊಳ್ಳುವ ಅವಕಾಶವೇ ಕಡಿಮೆಯಾಗಿತ್ತು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2017ರಲ್ಲಿ ಕೊಟ್ಟ ಲೆಕ್ಕ ನನಗೆ ಹೆಚ್ಚು ಉಪಯುಕ್ತ ಅನ್ನಿಸುತ್ತದೆ. ಮಗು ಉಳಿಯದಿರುವ ಪ್ರಮಾಣ ಸಾವಿರಕ್ಕೆ, ಬ್ರೀಚ್ ಸಹಜ ಹೆರಿಗೆಯಲ್ಲಿ ಸುಮಾರು 2, ತಲೆ ಮುಂದಾದ ಸಹಜ ಹೆರಿಗೆಯಲ್ಲಿ 1, 39 ವಾರ ದಾಟಿ ಮಾಡುವ ಯೋಜಿತ ಸಿಸೇರಿಯನ್‌ನಲ್ಲಿ 0.5. ಪಳಗಿದ ಕೈ ಮತ್ತು ಸಿದ್ಧ ಥಿಯೇಟರ್ ಇರುವ ಕಡೆಯ ಲೆಕ್ಕ ಇದು. ರಾತ್ರಿ ಎರಡು ಗಂಟೆಗೆ ಡಾಕ್ಟರಿಗೆ ಫೋನು ಮಾಡಿ ಎಬ್ಬಿಸಬೇಕಾದ ಕಡೆ ಈ ಅಂಕಿ ನಂಬಿ ಕೂರುವಂತಿಲ್ಲ.

ಆದ್ದರಿಂದ ಬೆಂಗಳೂರು ಗ್ರಾಮಾಂತರದ ಮನೆಗಳಲ್ಲಿ ಬ್ರೀಚ್ ಎಂದರೆ ಅರ್ಧ ದಾರಿಯ ಪ್ರಶ್ನೆ. ರಾಜಧಾನಿ ಇಲ್ಲೇ ಇದೆ, ವಾಣಿವಿಲಾಸ ಆಸ್ಪತ್ರೆ 1935ರಿಂದ ಇದೆ ಎಂದು ನೆಮ್ಮದಿಯಿಂದಿರುತ್ತೇವೆ. ಆದರೆ ದಾರಿಯಲ್ಲಿ, ನೆಲಮಂಗಲದಿಂದ ಹೊರಟವರಿಗೆ ಗೊರಗುಂಟೆಪಾಳ್ಯ, ದೇವನಹಳ್ಳಿಯವರಿಗೆ ಹೆಬ್ಬಾಳ, ಹೊಸಕೋಟೆಯವರಿಗೆ ಕೆ.ಆರ್. ಪುರ. ಸಂಜೆ ಆರಕ್ಕೆ ನೋವು ಬಂದರೆ ಆ ಜಾಗಗಳಲ್ಲಿ 108ರ ಸೈರನ್ನಿಗೂ ಸಂದು ಸಿಗುವುದಿಲ್ಲ. ನೋವು ಬರುವ ಮುಂಚೆಯೇ ದಿನ, ಆಸ್ಪತ್ರೆ, ಗಾಡಿ, ರಕ್ತ ಕೊಡುವವರು ಗೊತ್ತಾಗಿರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧ, ರಕ್ತ, ಏಳು ದಿನದವರೆಗಿನ ಊಟ, ಹೋಗಿಬರುವ ಗಾಡಿ ಇವೆಲ್ಲ ಉಚಿತವೆಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಹೇಳುತ್ತದೆ. ಕೇಳಿ ಪಡೆಯಲು ನಾಚಿಕೆ ಬೇಕಿಲ್ಲ. ಮನೆಯಲ್ಲಿದ್ದಾಗಲೇ ನೀರು ಒಡೆದರೆ ಬಟ್ಟೆ ಬದಲಾಯಿಸಿ, ಕಾಫಿ ಕುಡಿದು ಹೊರಡೋಣ ಎನ್ನಬೇಡಿ. ಬಳ್ಳಿ ಕೆಳಗೆ ಜಾರಿದ್ದು ಕಂಡರೆ ಅದನ್ನು ಒಳಗೆ ತಳ್ಳಲು ಹೋಗದೆ, ಮಂಡಿಯೂರಿ ಎದೆ ಕೆಳಗಿಟ್ಟು ಸೊಂಟ ಮೇಲೆತ್ತಿಸಿ, ಗಾಡಿಯಲ್ಲೂ ಸೊಂಟ ಎತ್ತರದಲ್ಲೇ ಇಟ್ಟು, ನೇರ ಆಸ್ಪತ್ರೆಗೆ.

ಸಿಸೇರಿಯನ್ ನಿಶ್ಚಯವಾದ ಮೇಲೂ ಕೆಲವರ ಮುಖ ಬಾಡುತ್ತದೆ. ನೋಡಲು ಬರುವವರ ಮೊದಲ ಪ್ರಶ್ನೆಯೇ 'ನಾರ್ಮಲ್ಲಾ?' ಎಂದಾದರೆ ಬಾಡದೇ ಏನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್. ಅಷ್ಟೂ ಅಗತ್ಯವೇ ಎಂಬ ತಕರಾರು ನನಗೂ ಇದೆ. ಬ್ರೀಚ್ ಮಗುವಿನ ತಾಯಿಯ ಮುಂದೆ ಆ ತಕರಾರು ತೆಗೆಯುವುದು ಮಾತ್ರ ಒರಟುತನ.

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಹಗಲೆಲ್ಲ ಬಗ್ಗಿ ಕೆಲಸ ಮಾಡುವ ಓಣಿಗಳಲ್ಲಿ ಅಂಥವರಿಗೆ ಬೇಡಿಕೆಯೂ ಉಂಟು. ಸಿಸೇರಿಯನ್‌ನಲ್ಲಿ ಬಂದ ಮಗುವಿಗೆ ಆ ಅಧಿಕಾರ ಸಲ್ಲುತ್ತದೋ ಇಲ್ಲವೋ ಎಂಬ ಬಗ್ಗೆ ಅಜ್ಜಿಯರಲ್ಲಿ ಒಮ್ಮತವಿಲ್ಲ. ಊರವರ ಸೊಂಟ ಹಾಗಿರಲಿ, ನೋಡಬೇಕಾದ್ದು ಆ ಮಗುವಿನ ಸೊಂಟ. ಒಳಗೆ ಕಾಲು ಮಡಿಸಿಯೋ ಚಾಚಿಯೋ ಕೂತಿದ್ದರಿಂದ ಬ್ರೀಚ್ ಮಕ್ಕಳಲ್ಲಿ ಸೊಂಟದ ಕೀಲು ಗುಣಿಯಲ್ಲಿ ಸರಿಯಾಗಿ ಕೂರದಿರುವ ಸಾಧ್ಯತೆ ಹೆಚ್ಚು, ಸಿಸೇರಿಯನ್ ಆದರೂ ಅಷ್ಟೇ. ಹೊರಗೆ ಏನೂ ಕಾಣುವುದಿಲ್ಲ. ಆರು ವಾರದ ಹೊತ್ತಿಗೆ ಸೊಂಟದ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆ, ಆಗಲೇ ಸಿಕ್ಕರೆ ಪಟ್ಟಿ ಕಟ್ಟಿಯೇ ಸರಿಹೋಗುವುದು ಹೆಚ್ಚು. ನಡೆಯುವಾಗ ಕುಂಟುವುದು ಕಂಡ ಮೇಲೆ ಹೋದರೆ ಆಪರೇಷನ್ನೇ ಬೇಕಾದೀತು. ಎಣ್ಣೆ ನೀರಾದ ಮೇಲೆ ಕಾಲು ನೇರ ಎಳೆದು ಬಿಗಿಯಾಗಿ ಬಟ್ಟೆ ಸುತ್ತಿ ಮಲಗಿಸುವ ರೂಢಿ ಈ ಮಕ್ಕಳಿಗೆ ಒಳ್ಳೆಯದಲ್ಲ. ಸುತ್ತುವುದಾದರೆ ಮೇಲೆ ಸುತ್ತಿ, ಕಾಲು ಮಡಿಸಿ ಅಗಲಿಸಲು ಸಡಿಲ ಬಿಡಲಿ. ಅದೇ ಅಜ್ಜಿ, ಕತ್ತು ನಿಂತ ಮೇಲೆ ಮೊಮ್ಮಗುವನ್ನು ಕಂಕುಳಲ್ಲಿ ಎರಡೂ ಕಡೆ ಕಾಲು ಹಾಕಿಸಿ ಕೂರಿಸಿಕೊಂಡು ಬೀದಿಯೆಲ್ಲ ತಿರುಗುತ್ತಾಳಲ್ಲ, ಅದಕ್ಕೆ ಮೂಳೆ ಡಾಕ್ಟರದ್ದೂ ಪೂರ್ತಿ ಒಪ್ಪಿಗೆಯಿದೆ.