ಸೇನೆ ಮರಳಿತು, ಉಳಿದವರ ಗತಿ?

1968ರ ಮೇ 17ರಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕೇಟನ್ಸ್‌ವಿಲ್ ಎಂಬ ಊರಿನಲ್ಲಿ 9 ಮಂದಿ ಕಥೋಲಿಕರು ಸೇನಾ ಭರ್ತಿ ಕಚೇರಿಗೆ ನುಗ್ಗಿದರು. ವಿಯೆಟ್ನಾಂ ಯುದ್ಧಕ್ಕೆ ಯುವಕರನ್ನು ಕಡ್ಡಾಯವಾಗಿ ಕರೆಸಿಕೊಳ್ಳುವ 378 ಕಡತಗಳನ್ನು ಹೊರಗೆ ತಂದು ಸುಟ್ಟರು. ಸುಡಲು ಬಳಸಿದ್ದು ತಾವೇ ತಯಾರಿಸಿದ ನೇಪಾಮ್. ವಿಯೆಟ್ನಾಮಿನ ಹಳ್ಳಿಗಳ ಮೇಲೆ ಸುರಿಯುತ್ತಿದ್ದುದೂ ಅದೇ ಬೆಂಕಿ. ಅವರು ಓಡಿಹೋಗಲಿಲ್ಲ, ಪರಲೋಕ ಮಂತ್ರ ಹೇಳುತ್ತಾ ಪೊಲೀಸರಿಗಾಗಿ ಕಾದರು. ಅವರಲ್ಲಿ ಒಡಹುಟ್ಟಿದ ಇಬ್ಬರು ಗುರುಗಳಿದ್ದರು: ಯೇಸುಸಭೆಯ ಡೇನಿಯಲ್ ಬೆರಿಗನ್ ಮತ್ತು ಫಿಲಿಪ್ ಬೆರಿಗನ್. ಇಬ್ಬರೂ ಸೆರೆಮನೆ ಸೇರಿದರು.

ಈಗ ಇನ್ನೊಂದು ದಡಕ್ಕೆ ಬರೋಣ. 1954ರಲ್ಲಿ ವಿಯೆಟ್ನಾಂ ಇಬ್ಭಾಗವಾದಾಗ ಕಮ್ಯುನಿಸ್ಟ್ ಆಳ್ವಿಕೆಗೆ ಅಂಜಿ ಉತ್ತರದಿಂದ ದಕ್ಷಿಣಕ್ಕೆ ಓಡಿಬಂದ ಸುಮಾರು 8 ಲಕ್ಷ ಜನರಲ್ಲಿ ಹೆಚ್ಚಿನವರು ಕಥೋಲಿಕರು. ಮನೆ, ಹೊಲ, ದೇವಾಲಯ ಎಲ್ಲವನ್ನೂ ಒಮ್ಮೆ ಕಳೆದುಕೊಂಡವರು ಅವರು. ಅಮೆರಿಕದ ಸೇನೆ ಹೊರಟುಹೋದರೆ ನಮ್ಮ ಗತಿಯೇನು ಎಂಬುದು ಅವರ ಭಯ. ಒಂದೇ ಬಲಿಪೂಜೆ, ಒಂದೇ ವಿಶ್ವಾಸ. ಆದರೆ ಒಬ್ಬರು 'ಸೇನೆ ಮರಳಲಿ' ಎಂದು ಸೆರೆ ಹೋಗುತ್ತಾರೆ, ಇನ್ನೊಬ್ಬರು 'ಮರಳದಿರಲಿ' ಎಂದು ಜಪಮಾಲೆ ಹಿಡಿಯುತ್ತಾರೆ. ಯಾರ ಪ್ರಾರ್ಥನೆ ಸರಿ?

1971ರ ನವೆಂಬರಿನಲ್ಲಿ ಅಮೆರಿಕದ ಧರ್ಮಾಧ್ಯಕ್ಷರು ಒಟ್ಟಾಗಿ ಉತ್ತರಿಸಿದರು. ಈ ಯುದ್ಧದಿಂದ ಬರಬಹುದಾದ ಒಳಿತಿಗಿಂತ ಆಗುತ್ತಿರುವ ಪ್ರಾಣಹಾನಿ ಮತ್ತು ಧರ್ಮಹಾನಿಯೇ ಹೆಚ್ಚು, ಆದ್ದರಿಂದ ಬೇಗನೆ ಮುಗಿಸಬೇಕು ಎಂದರು. ಆ ನಾಡುಗಳನ್ನು ಮತ್ತೆ ಕಟ್ಟಲು ನೆರವಾಗುವುದು ತಮ್ಮ ದೇಶದ ನೈತಿಕ ಹೊಣೆ ಎಂದೂ ಸೇರಿಸಿದರು. ಈ ಎರಡನೆಯ ಮಾತನ್ನು ಮರೆಯುವುದು ಬಹಳ ಸುಲಭ.

ನನ್ನ ಮಟ್ಟಿಗೆ ಧರ್ಮಾಧ್ಯಕ್ಷರ ಮಾತು ಸರಿ. ಒಬ್ಬನನ್ನು ಕಾಪಾಡುವ ಹೆಸರಿನಲ್ಲಿ ಇನ್ನೊಬ್ಬನ ಕೂಸಿನ ಮೇಲೆ ಬೆಂಕಿ ಸುರಿಯುವುದಕ್ಕೆ ಶುಭಸಂದೇಶದಲ್ಲಿ ಜಾಗವಿಲ್ಲ. ಆದರೆ 'ನಾವು ಹೊರಟೆವು, ಇನ್ನು ನಿಮ್ಮ ಪಾಡು ನಿಮಗೆ' ಎನ್ನುವುದು ಪಿಲಾತನು ಕೈ ತೊಳೆದುಕೊಂಡ ಹಾಗೆ. ಯೇಸುಸ್ವಾಮಿ ಹೇಳಿದ ಸಾಮತಿಯ ಸಮಾರಿಯದವನೂ ಮರುದಿನ ಛತ್ರ ಬಿಟ್ಟು ಹೊರಟವನೇ ಅಲ್ಲವೇ? ಗಾಯಾಳುವಿನ ಬಳಿ ಅವನೇನೂ ಕಾಯಂ ಕೂರಲಿಲ್ಲ. ಆದರೆ ಹೋಗುವಾಗ ಎರಡು ನಾಣ್ಯ ಕೊಟ್ಟ. ಹೆಚ್ಚು ಖರ್ಚಾದರೆ ಮರಳಿ ಬಂದು ತೀರಿಸುವೆನೆಂದು ಮಾತು ಕೊಟ್ಟ.

1973ರ ಮಾರ್ಚಿನಲ್ಲಿ ಅಮೆರಿಕದ ಸೇನೆ ಮರಳಿತು. 1975ರ ಏಪ್ರಿಲ್ 30ರಂದು ಸೈಗಾನ್ ಬಿತ್ತು. ಅದಕ್ಕೆ ಕೆಲವೇ ದಿನ ಮೊದಲು ಆ ಊರಿಗೆ ನೇಮಕಗೊಂಡಿದ್ದ ಮಹಾಧರ್ಮಾಧ್ಯಕ್ಷ ಫ್ರಾನ್ಸಿಸ್ ಕ್ಸೇವಿಯರ್ ವಾನ್ ಥುವಾನ್ ಅವರನ್ನು ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನವೇ ಬಂಧಿಸಿದರು. ಸೆರೆಯಲ್ಲಿ ಅಂಗೈಯಲ್ಲೇ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು ಇಟ್ಟುಕೊಂಡು ಅವರು ಬಲಿಪೂಜೆ ಅರ್ಪಿಸುತ್ತಿದ್ದರು. ಹೊರಗೆ ಲಕ್ಷಗಟ್ಟಲೆ ಜನ ದೋಣಿ ಹತ್ತಿ ದೇಶ ಬಿಟ್ಟರು. ಎಷ್ಟೋ ಮಂದಿ ಸಮುದ್ರಪಾಲಾದರು. ಅಮೆರಿಕದ ಅನೇಕ ಧರ್ಮಕೇಂದ್ರಗಳ ಕುಟುಂಬಗಳು ಈ ನಿರಾಶ್ರಿತರ ಹೊಣೆ ಹೊತ್ತವು. ಛತ್ರದವನಿಗೆ ಕೊಟ್ಟ ಎರಡು ನಾಣ್ಯವೆಂದರೆ ಇದೇ ಇರಬೇಕು.

ಯುದ್ಧ ವಿರೋಧಿಸಿದವರಿಗೆ ನಿಜವಾದ ಪರೀಕ್ಷೆ ಬಂದದ್ದು ಆಗ. 1979ರ ಮೇ ತಿಂಗಳಲ್ಲಿ ಗಾಯಕಿ ಜೋನ್ ಬಯೆಜ್ ಅವರು ವಿಯೆಟ್ನಾಂ ಸರ್ಕಾರಕ್ಕೆ ಬಹಿರಂಗ ಪತ್ರ ಬರೆದು, ಸೆರೆಯಲ್ಲಿದ್ದವರಿಗೆ ಕೊಡುತ್ತಿದ್ದ ಹಿಂಸೆಯನ್ನು ಖಂಡಿಸಿದರು. ಯುದ್ಧದ ವಿರುದ್ಧ ಬೀದಿಗಿಳಿದವರಲ್ಲಿ ಆಕೆಯೂ ಒಬ್ಬರು. ಹಳೆಯ ಜೊತೆಗಾರರಲ್ಲಿ ಕೆಲವರು ಸಿಟ್ಟಾದರು: ಎದುರಾಳಿಗಳ ಬಾಯಿಗೆ ನಾವೇ ಮಾತು ಕೊಟ್ಟಂತಾಗುವುದಿಲ್ಲವೇ? ಆದರೂ ಸಹಿ ಹಾಕಿದ 80ಕ್ಕೂ ಹೆಚ್ಚು ಮಂದಿಯಲ್ಲಿ ಡೇನಿಯಲ್ ಬೆರಿಗನ್ ಅವರ ಹೆಸರಿದೆ. ಕಡತ ಸುಡುವುದಕ್ಕಿಂತ ಈ ಸಹಿ ಕಷ್ಟದ್ದು ಎಂದು ನನಗನ್ನಿಸುತ್ತದೆ. ಅಂದು ಎದುರಿಗಿದ್ದುದು ಸರ್ಕಾರ. ಇಂದು ತನ್ನದೇ ಬಳಗ.

ಆ ಪತ್ರದಿಂದ ಸೆರೆಮನೆಯ ಬಾಗಿಲೇನೂ ತೆರೆಯಲಿಲ್ಲ. ವಾನ್ ಥುವಾನ್ ಅವರಿಗೆ ಬಿಡುಗಡೆಯಾದದ್ದು 1988ರ ನವೆಂಬರ್ 21ರಂದು. 13 ವರ್ಷಗಳ ಸೆರೆಯಲ್ಲಿ 9 ವರ್ಷ ಅವರು ಒಬ್ಬಂಟಿಯಾಗಿದ್ದರು.