ಅದು ಅವಳಲ್ಲ ಎನ್ನುವ ಮುನ್ನ

ಭಯ ಹುಟ್ಟಿಸಲೆಂದೇ ಬರೆದ ಪುಸ್ತಕವೊಂದು ಕೆಲವೊಮ್ಮೆ ಭಯಕ್ಕಿಂತ ಹೆಚ್ಚು ದುಃಖವನ್ನು ಉಳಿಸಿಹೋಗುತ್ತದೆ. ಐರ್ಲೆಂಡಿನ ಲೇಖಕ ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ 'ಡ್ರಾಕುಲಾ' ಅಂತಹ ಕಾದಂಬರಿ. ಸಿನಿಮಾಗಳಿಂದ ಡ್ರಾಕುಲಾನನ್ನು ಬಲ್ಲವರಿಗೆ ಕೋರೆಹಲ್ಲು, ಕರಿಯ ನಿಲುವಂಗಿ, ಬಾವಲಿಗಳು ನೆನಪಾಗುತ್ತವೆ. ಪುಸ್ತಕವನ್ನು ಓದಿದವರ ಮನಸ್ಸಿನಲ್ಲಿ ಉಳಿಯುವವಳು ಲೂಸಿ ಎಂಬ ಇಪ್ಪತ್ತರ ಆಸುಪಾಸಿನ ಹುಡುಗಿ. ಅವಳ ಕಾಯಿಲೆ, ಸಾವು, ಸಾವಿನ ನಂತರವೂ ಅವಳಿಗೆ ಒದಗಿದ ಗತಿ, ಇವುಗಳನ್ನು ಹೇಳುವ ಅಧ್ಯಾಯಗಳು ನಮ್ಮ ಮುಂದಿಡುವುದು ಒಂದು ನೈತಿಕ ಪ್ರಶ್ನೆಯನ್ನು. ಪ್ರೀತಿಯಿಂದ ಮಾಡಿದ್ದು ಎಂಬ ಕಾರಣಕ್ಕೆ ಕ್ರೌರ್ಯವು ಕ್ರೌರ್ಯವಲ್ಲದಾಗುತ್ತದೆಯೇ?

ಲೂಸಿಯನ್ನು ಪ್ರೀತಿಸದವರೇ ಕಾದಂಬರಿಯಲ್ಲಿ ಇಲ್ಲ. ಒಂದೇ ದಿನ ಮೂವರು ಅವಳನ್ನು ಮದುವೆಯಾಗುವಂತೆ ಕೇಳುತ್ತಾರೆ. ಅವಳು ಆರ್ಥರ್ ಎಂಬವನನ್ನು ಒಪ್ಪುತ್ತಾಳೆ, ಉಳಿದಿಬ್ಬರು ಸ್ನೇಹಿತರಾಗಿಯೇ ಉಳಿಯುತ್ತಾರೆ. ರಾತ್ರಿಯಿಂದ ರಾತ್ರಿಗೆ ಅವಳ ಮೈಯ ರಕ್ತ ಬತ್ತುತ್ತ ಹೋದಾಗ ಈ ಮೂವರೂ, ಚಿಕಿತ್ಸೆಗೆ ಬಂದ ಹಿರಿಯ ವೈದ್ಯ ವ್ಯಾನ್ ಹೆಲ್ಸಿಂಗನೂ ಸರದಿಯಲ್ಲಿ ತಮ್ಮ ರಕ್ತವನ್ನು ಅವಳಿಗೆ ಕೊಡುತ್ತಾರೆ. ರಕ್ತದ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ಜಗತ್ತಿಗೆ ತಿಳಿಸಿದ್ದು 1901ರಲ್ಲಿ. ಅಂದರೆ ಯಾರ ರಕ್ತ ಯಾರಿಗೆ ಹೊಂದುತ್ತದೆ ಎಂಬುದು ತಿಳಿಯದ ಕಾಲದಲ್ಲಿ ಬರೆದ ಕಥೆ ಇದು. ಜೀವ ಉಳಿಸಲು ಕೊಟ್ಟ ರಕ್ತವೇ ಜೀವ ತೆಗೆಯಬಹುದಿತ್ತು. ಸದುದ್ದೇಶಕ್ಕೆ ತಿಳಿವಳಿಕೆಯ ಜೊತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲೇಖಕ ಉದ್ದೇಶಿಸದೆಯೇ ಒದಗಿಸಿದ ರೂಪಕ ಇದು.

ತಾಯಿಯ ಪ್ರಸಂಗ ಇನ್ನೂ ಕರುಣಾಜನಕ. ಪಿಶಾಚಿ ಬಾರದಿರಲೆಂದು ವೈದ್ಯ ಕೋಣೆಯ ತುಂಬ ಬೆಳ್ಳುಳ್ಳಿಯ ಹೂಗಳನ್ನು ಇರಿಸಿ ಕಿಟಕಿ ಮುಚ್ಚಿಸಿರುತ್ತಾನೆ. ಆದರೆ ಯಾಕೆ ಎಂದು ಯಾರಿಗೂ ಹೇಳಿರುವುದಿಲ್ಲ. ತಾಯಿಯದು ದುರ್ಬಲ ಹೃದಯ, ಆಘಾತವಾದೀತು ಎಂಬ ಕಾಳಜಿ. ಮಗಳಿಗೆ ಉಸಿರು ಕಟ್ಟೀತೆಂದು ಆ ತಾಯಿ ಹೂಗಳನ್ನು ತೆಗೆದುಹಾಕಿ ಕಿಟಕಿ ತೆರೆದುಬಿಡುತ್ತಾಳೆ. ಬೆಳಿಗ್ಗೆ ಅದನ್ನು ವೈದ್ಯನಿಗೆ ಹೇಳುವುದು ಒಳ್ಳೆಯ ಕೆಲಸ ಮಾಡಿದ ಸಂತೋಷದಲ್ಲಿ. ಮತ್ತೊಂದು ರಾತ್ರಿ ಕಿಟಕಿ ಒಡೆದು ತೋಳ ಇಣುಕಿದಾಗ ಹೆದರಿ ಸಾಯುವ ಅವಳು ಮಗಳ ಕೊರಳಿನ ಹೂಮಾಲೆಯನ್ನು ಕಿತ್ತುಕೊಂಡೇ ಬೀಳುತ್ತಾಳೆ. ಇಲ್ಲಿ ತಪ್ಪು ಯಾರದು? ಕಿಟಕಿ ತೆರೆದವಳದೋ, ಯಾಕೆ ತೆರೆಯಬಾರದೆಂದು ಹೇಳದವನದೋ? ಎಲ್ಲರೂ ಲೂಸಿಯ ಒಳಿತನ್ನೇ ಬಯಸಿದರು. ಲೂಸಿಗೆ ಮಾತ್ರ ತನಗೆ ಏನಾಗುತ್ತಿದೆ ಎಂದು ಯಾರೂ ಹೇಳಲಿಲ್ಲ, ತನಗೇನು ಬೇಕು ಎಂದು ಅವಳನ್ನು ಯಾರೂ ಕೇಳಲಿಲ್ಲ.

ಕೊನೆಗೆ ಅವಳು ಸಾಯುತ್ತಾಳೆ. ಸತ್ತವಳು ರಾತ್ರಿಗಳಲ್ಲಿ ಎದ್ದು ಮಕ್ಕಳ ರಕ್ತ ಹೀರತೊಡಗುತ್ತಾಳೆ. ಆಗ ಅವಳೆದೆಗೆ ಮರದ ಗೂಟವನ್ನು ಬಡಿಯುವವನು ಅವಳನ್ನು ಕೈಹಿಡಿಯಬೇಕಿದ್ದ ಆರ್ಥರನೇ. ಸ್ನೇಹಿತರು ಸುತ್ತ ನಿಂತು ಪ್ರಾರ್ಥನೆ ಓದುತ್ತಾರೆ. ಅವನ ಕೈಗೆ ಬಲ ಕೊಡುವುದು ಒಂದೇ ನಂಬಿಕೆ: ಇದು ಲೂಸಿಯಲ್ಲ, ಲೂಸಿಯ ರೂಪದಲ್ಲಿರುವ ಬೇರೇನೋ.

ಈ ಮಾತು ನಮಗೆ ಹೊಸದೇನೂ ಅಲ್ಲ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ತಾಯಿಯದೋ ಹೆಂಡತಿಯದೋ ದನಿಯಲ್ಲಿ ಕರೆಯುತ್ತದೆ, ಓಗೊಟ್ಟರೆ ಕೆಟ್ಟಿತು ಎಂಬ ಪುಕಾರು. ಸ್ಮಶಾನದಲ್ಲಿ ಲೂಸಿಯೂ ಆರ್ಥರನನ್ನು ಮಧುರವಾದ ದನಿಯಲ್ಲೇ ಕರೆಯುತ್ತಾಳೆ. ಎರಡು ದೂರದ ನಾಡುಗಳ ಭಯ ಒಂದೇ ಪಾಠ ಹೇಳಿತು: ಆಪ್ತರ ದನಿಯನ್ನೂ ನಂಬಬೇಡ. ಕಥೆಯಾಗಿ ಇದು ಮೈ ಜುಮ್ಮೆನಿಸುತ್ತದೆ. ಬದುಕಿನ ನಿಯಮವಾದರೆ ಇದಕ್ಕಿಂತ ಕ್ರೂರವಾದದ್ದಿಲ್ಲ. ಯಾಕೆಂದರೆ ಆಮೇಲೆ ಆ ಹೆಣ್ಣುಮಗಳು 'ನಾನು ನಾನೇ' ಎಂದು ಎಷ್ಟು ಕೂಗಿದರೂ ಅದು ದೆವ್ವದ ಕೂಗಾಗಿಯೇ ಕೇಳಿಸುತ್ತದೆ.

ಮೊಳಕಾಲ್ಮೂರು ತಾಲೂಕಿನ ಕೊಂಡ್ಲಹಳ್ಳಿಯಲ್ಲಿ, ಚಳ್ಳಕೆರೆ ಸೀಮೆಯ ಶೇಂಗಾ ಹೊಲಗಳ ನಡುವೆ ಕುಳಿತು ಈ ಅಧ್ಯಾಯಗಳನ್ನು ಓದುವಾಗ ಇಂಗ್ಲೆಂಡು ದೂರವೆನಿಸುವುದಿಲ್ಲ. ಮದುವೆಯಾಗಿ ಬಂದ ಹುಡುಗಿ ಮಂಕಾದರೆ, ಹೆರಿಗೆಯಾದ ಮೇಲೆ ಮಗುವನ್ನು ಮುಟ್ಟದಿದ್ದರೆ, ಒಬ್ಬಳೇ ಮಾತಾಡಿಕೊಂಡರೆ, ಇದ್ದಕ್ಕಿದ್ದಂತೆ ಮಾವನಿಗೆ ಎದುರು ನುಡಿದರೆ 'ಗಾಳಿ ಸೋಕಿದೆ' ಎನ್ನುವ ಮಾತು ನಮ್ಮ ಬಯಲುಸೀಮೆಯಲ್ಲಿ ಬಲು ಬೇಗ ಬಾಯಿಗೆ ಬರುತ್ತದೆ. ನಮ್ಮ ಓಣಿಗಳಲ್ಲಿ ಅದನ್ನೇ 'ಜಿನ್ನ್ ಹಿಡಿದಿದೆ' ಎನ್ನುತ್ತಾರೆ. ಹೆಸರು ಬೇರೆ, ಬೆತ್ತ ಒಂದೇ.

2025ರ ಜುಲೈಯಲ್ಲಿ ಭದ್ರಾವತಿ ತಾಲೂಕಿನ ಹೊಳೆಹೊನ್ನೂರು ಕಡೆ, ದೆವ್ವ ಬಿಡಿಸುವ ನೆಪದಲ್ಲಿ ಹೊಡೆದ ಹೊಡೆತಕ್ಕೆ ಮಹಿಳೆಯೊಬ್ಬರು ಸತ್ತುಹೋದರು. ಅವರನ್ನು ಅಲ್ಲಿಗೆ ಕರೆದೊಯ್ದವನು ಸ್ವಂತ ಮಗ. 2023ರ ಜುಲೈಯಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕವೆಂದು ಊರಾಚೆಯ ಗುಡಿಸಲಿನಲ್ಲಿ ಇರಿಸಿದ್ದ ಬಾಣಂತಿಯ ಹಸುಗೂಸು ಮಳೆ ಚಳಿಯ ನಡುವೆ ತೀರಿಹೋಯಿತು. ಆ ಮಗನಾಗಲಿ ಆ ಮನೆಯವರಾಗಲಿ ಕೇಡು ಬಯಸಿದವರೆಂದು ನಾವು ಹೇಳಲಾರೆವು. ಕೇಡು ಬಯಸದವರ ಕೈಯಿಂದಲೇ ಕೇಡು ನಡೆದುಹೋಗುವುದು ಇಲ್ಲಿನ ದುರಂತ.

ಇದು ಯಾವುದೋ ಒಂದು ಸಮುದಾಯದ ಮಾತಲ್ಲ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದು 28 ಮಂದಿ ಮಾನಸಿಕ ರೋಗಿಗಳು ಸತ್ತರು. ದರ್ಗಾದ ಬರಕತ್ತಿನಿಂದ ಗುಣವಾಗಲಿ ಎಂದು ಬೇರೆ ಬೇರೆ ಧರ್ಮದ ಕುಟುಂಬಗಳು ತಂದು ಬಿಟ್ಟಿದ್ದ ಜನ ಅವರು. ಸರಪಳಿಯಲ್ಲಿ ಬಿಗಿದಿದ್ದರಿಂದ ಓಡಲಾಗಲಿಲ್ಲ. ಆ ಸರಪಳಿಗಳನ್ನೂ ಯಾರದೋ ಕಾಳಜಿಯೇ ತೊಡಿಸಿತ್ತು.

ಕಾದಂಬರಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಆ ಕಥೆಯ ಲೋಕದಲ್ಲಿ ಆರ್ಥರ್ ಮಾಡಿದ್ದು ಸರಿ. ಲೂಸಿ ನಿಜಕ್ಕೂ ಬದಲಾಗಿದ್ದಾಳೆ, ಮಕ್ಕಳ ಜೀವ ಅಪಾಯದಲ್ಲಿದೆ. ಗೂಟ ಬಡಿದ ಮೇಲೆ ಅವಳ ಮುಖದಲ್ಲಿ ಹಿಂದಿನ ಶಾಂತಿ ಮರಳುತ್ತದೆ, ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ. ಅಷ್ಟಾದರೂ ವ್ಯಾನ್ ಹೆಲ್ಸಿಂಗ್ ಆತುರಪಡುವುದಿಲ್ಲ. ಎಲ್ಲರೂ ಕಣ್ಣಾರೆ ಕಾಣುವ ತನಕ, ಆರ್ಥರ್ ಒಪ್ಪುವ ತನಕ ಕಾಯುತ್ತಾನೆ. ಆದರೆ ಅಂತಹ ಖಾತ್ರಿ ಕಥೆಗಾರ ಮಾತ್ರ ಕೊಡಬಲ್ಲದ್ದು. ನಮ್ಮ ಬದುಕಿನಲ್ಲಿ ಅದು ಯಾರಿಗೂ ಸಿಗುವುದಿಲ್ಲ, ಸಾಕ್ಷಿಗಾಗಿ ಕಾಯುವ ಸಹನೆಯೂ ನಮಗಿಲ್ಲ. ಇಲ್ಲಿ ಬೆತ್ತದ ಪೆಟ್ಟು ಬೀಳುವುದು ದೆವ್ವದ ಮೇಲಲ್ಲ, ಬೆನ್ನಿನ ಮೇಲೆ. ಇನ್ನೊಬ್ಬರಿಗೆ ಅಪಾಯವಾಗದಂತೆ ತಡೆಯುವುದು ಕರ್ತವ್ಯ, ನಿಜ. ತಡೆಯುವುದು ಬೇರೆ, ದಂಡಿಸುವುದು ಬೇರೆ.

ಜಿನ್ನ್ ಎಂಬ ಸೃಷ್ಟಿಯಿದೆ ಎಂದು ಕುರ್‌ಆನ್ ಹೇಳುತ್ತದೆ. ಮುಸ್ಲಿಮರು ಅದನ್ನು ನಂಬುತ್ತಾರೆ. ಆದರೆ ಈ ಮನೆಯ ಈ ಹುಡುಗಿಯ ಮೈಯಲ್ಲೇ ಅದು ಸೇರಿಕೊಂಡಿದೆ ಎಂದು ತೀರ್ಪು ಕೊಟ್ಟು ಹೊಡೆಯುವ ಅಧಿಕಾರವನ್ನು ಆ ನಂಬಿಕೆ ಯಾರಿಗೂ ಕೊಟ್ಟಿಲ್ಲ. ಬುಖಾರಿ ಸಂಗ್ರಹದಲ್ಲಿ ಬರುವ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಮೂರ್ಛೆ ರೋಗದ ಕಪ್ಪು ವರ್ಣದ ಮಹಿಳೆಯೊಬ್ಬರು ಪ್ರವಾದಿಯವರ(ಸ) ಬಳಿ ಬಂದು, ಮೂರ್ಛೆ ಬಂದಾಗ ಮೈಮೇಲಿನ ಬಟ್ಟೆ ಸರಿಯುತ್ತದೆ ಎಂದು ಸಂಕಟ ತೋಡಿಕೊಳ್ಳುತ್ತಾರೆ. ಪ್ರವಾದಿಯವರು(ಸ) ಅವರ ಮುಂದೆ ಎರಡು ದಾರಿಗಳನ್ನು ಇಡುತ್ತಾರೆ: ಸಹಿಸಿಕೊಂಡರೆ ಸ್ವರ್ಗ, ಬಯಸಿದರೆ ಗುಣವಾಗಲೆಂದು ಪ್ರಾರ್ಥನೆ. ಆಕೆ ಸಹನೆಯನ್ನು ಆರಿಸಿಕೊಂಡು, ಮೈ ತೆರೆದುಕೊಳ್ಳದಂತೆ ಮಾತ್ರ ಪ್ರಾರ್ಥಿಸಿ ಎನ್ನುತ್ತಾರೆ. ಹಾಗೆಯೇ ಪ್ರಾರ್ಥಿಸಲಾಗುತ್ತದೆ. ಈ ಪ್ರಸಂಗದಲ್ಲಿ ಬೆತ್ತವಿಲ್ಲ, ಸರಪಳಿಯಿಲ್ಲ. ರೋಗಿಯನ್ನು ಕೇಳಲಾಗಿದೆ, ಅವರ ಆಯ್ಕೆಗೆ ಬೆಲೆ ಕೊಡಲಾಗಿದೆ, ಅವರ ಮಾನ ಕಾಯಲಾಗಿದೆ. ಲೂಸಿಗೆ ದೊರೆಯದೆ ಹೋದದ್ದು ಇದೇ.

ಕುತೂಹಲದ ಸಂಗತಿಯೆಂದರೆ, ಅದೇ ಕಾದಂಬರಿಯ ಉತ್ತರಾರ್ಧದಲ್ಲಿ ಇದಕ್ಕೆ ಉತ್ತರವಿದೆ. ಲೂಸಿಯ ಗೆಳತಿ ಮೀನಾಳನ್ನೂ ಗಂಡಸರು 'ಅವಳ ಒಳ್ಳೆಯದಕ್ಕಾಗಿ' ಎಂದು ಎಲ್ಲ ವಿಚಾರದಿಂದ ಹೊರಗಿಡುತ್ತಾರೆ. ಹಾಗೆ ಒಂಟಿಯಾದಾಗಲೇ ಅವಳು ಡ್ರಾಕುಲಾನಿಗೆ ತುತ್ತಾಗುತ್ತಾಳೆ. ಆ ಬಳಿಕ ಅವಳಿಗೆ ಎಲ್ಲವನ್ನೂ ಹೇಳುತ್ತಾರೆ, ಜೊತೆಗೆ ಕೂರಿಸಿಕೊಳ್ಳುತ್ತಾರೆ. ಹಣೆಯ ಮೇಲೆ ಕಳಂಕದ ಗುರುತು ಮೂಡಿದರೂ ಅವಳನ್ನು 'ಅದು' ಎಂದು ಯಾರೂ ಕರೆಯುವುದಿಲ್ಲ. ತಾನು ಪೂರ್ತಿ ಬದಲಾದರೆ ತನ್ನನ್ನು ಏನು ಮಾಡಬೇಕೆಂಬುದನ್ನೂ ಅವಳೇ ಹೇಳುತ್ತಾಳೆ. ಅಷ್ಟೇ ಅಲ್ಲ, ಇಷ್ಟಕ್ಕೆಲ್ಲ ಕಾರಣನಾದ ಡ್ರಾಕುಲಾನ ಮೇಲೂ ಕರುಣೆಯಿರಲಿ, ಒಂದು ದಿನ ತನಗೂ ಅದೇ ಕರುಣೆ ಬೇಕಾದೀತು ಎನ್ನುತ್ತಾಳೆ. ಮೀನಾ ಬದುಕುತ್ತಾಳೆ. ಲೂಸಿಗೂ ಮೀನಾಳಿಗೂ ಪ್ರೀತಿಯೇನೋ ಸಮನಾಗಿಯೇ ಸಿಕ್ಕಿತ್ತು. ಆದರೆ ಸತ್ಯವನ್ನು ತಿಳಿಯುವ, ತನ್ನ ಮಾತನ್ನು ಆಡುವ ಅವಕಾಶ ಸಿಕ್ಕಿದ್ದು ಮೀನಾಳಿಗೆ ಮಾತ್ರ.

ನಮ್ಮ ಕಾಲದಲ್ಲಿ ಬೇರೆ ದಾರಿ ಇಲ್ಲ ಎನ್ನುವಂತಿಲ್ಲ. ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮನೋರೋಗಕ್ಕೆ ಹಳ್ಳಿಯ ಮಟ್ಟದಲ್ಲಿ ಚಿಕಿತ್ಸೆ ಸಿಗುವಂತೆ ಮಾಡಿತು. ಮುಂದೆ ಇಡೀ ದೇಶಕ್ಕೆ ಅದು 'ಬಳ್ಳಾರಿ ಮಾದರಿ'ಯಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ದೆವ್ವ ಬಿಡಿಸುವ ಹೆಸರಿನ ಹಿಂಸೆಯನ್ನೂ, ಮುಟ್ಟು ಹೆರಿಗೆಗಳ ನೆಪದಲ್ಲಿ ಹೆಂಗಸರನ್ನು ಊರಾಚೆ ಇಡುವುದನ್ನೂ ಅಪರಾಧವೆನ್ನುವ ರಾಜ್ಯದ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಕಾನೂನು ಬೆತ್ತ ಹಿಡಿದ ಕೈಯನ್ನು ತಡೆಯಬಹುದು. 'ಅದು ಅವಳಲ್ಲ' ಎಂದುಕೊಳ್ಳುವ ಮನಸ್ಸನ್ನು ನಾವೇ ತಡೆಯಬೇಕು.

ನಮ್ಮ ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದದ್ದು 1892ರಲ್ಲಿ, 'ಡ್ರಾಕುಲಾ' ಪ್ರಕಟವಾಗುವ ಐದು ವರ್ಷ ಮೊದಲು. ತಂದೆತಾಯಿಗೆ ವಿಧೇಯತೆಯ ಜೊತೆಗೆ ಅವು ಬೋಧಿಸುವ ಎರಡು ಸಂಗತಿಗಳು ಜೀವಿಗಳ ಮೇಲೆ ದಯೆ ಮತ್ತು ಸತ್ಯ ನುಡಿಯುವುದು. ಲೂಸಿಯ ಕಥೆ ಓದಿದ ಮೇಲೆ ಇವೆರಡನ್ನೂ ಜೊತೆಯಲ್ಲೇ ಹೇಳಿರುವುದರ ಅರ್ಥ ನಮಗೆ ಹೊಳೆಯುತ್ತದೆ. ಸತ್ಯವನ್ನು ಮುಚ್ಚಿಟ್ಟ ದಯೆ ಕಿಟಕಿ ತೆರೆದುಬಿಡುತ್ತದೆ. ದಯೆಯಿಲ್ಲದ ಸತ್ಯ ಗೂಟ ಹಿಡಿಯುತ್ತದೆ. ಮನೆಯ ಹೆಣ್ಣುಮಗಳೊಬ್ಬಳು ಗುರುತು ಸಿಗದಷ್ಟು ಬದಲಾದ ದಿನ ನಮ್ಮ ಧರ್ಮ ನಮ್ಮಿಂದ ಕೇಳುವುದು ಹೆಚ್ಚೇನನ್ನೂ ಅಲ್ಲ. ಅವಳನ್ನು ಹೆಸರು ಹಿಡಿದು ಕರೆದು, ಪಕ್ಕದಲ್ಲಿ ಕುಳಿತು, 'ಏನಾಗಿದೆಯಮ್ಮಾ, ನಿನಗೇನು ಬೇಕು?' ಎಂದು ವಿಚಾರಿಸುವುದು. ಮತ್ತು ಅವಳು ಹೇಳುವುದನ್ನು ಅವಳ ಮಾತೆಂದೇ ನಂಬುವುದು.